ಸ್ಕ್ಯಾನರ್ ಎಲ್ಲಿ ಹಾಕೋದು ಅಣ್ಣಾ?

ಮೊನ್ನೆ ಮಂಗಳವಾರದಿಂದ ನಮ್ಮನೆಯಲ್ಲಿ ಏನು ಕೈಕೊಟ್ಟರೂ ಒಂದೇ ಮಾತು. ಮಿಕ್ಸಿ ನಿಂತಿತು, "ಸ್ಕ್ಯಾನರ್ ಎಲ್ಲಿ ಹಾಕೋದು ಅಣ್ಣಾ?" ಕರೆಂಟ್ ಹೋಯಿತು, "ಸ್ಕ್ಯಾನರ್ ಎಲ್ಲಿ ಹಾಕೋದು ಅಣ್ಣಾ?" ನಿನ್ನೆ ನಾನು ಸೊಂಟ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದೆ. ಮಗಳು ನನ್ನ ಸುತ್ತ ಒಂದು ಸುತ್ತು ಬಂದು, ಬಗ್ಗಿ ನೋಡಿ, ಅದನ್ನೇ ಕೇಳಿದಳು. ಎಲ್ಲರೂ ನಕ್ಕೆವು. ಆದರೆ ನಾನು ಒಬ್ಬನೇ ಇದ್ದಾಗ ಆ ಮಾತು ನೆನಪಾದರೆ ಬೇರೆ ಏನೇನೋ ಯೋಚನೆ ಬರುತ್ತದೆ.

ಮಾತು ಹುಟ್ಟಿದ್ದು ನಮ್ಮ ಮಾರುತಿ ಓಮ್ನಿ ವ್ಯಾನಿನಿಂದ. 1994ರ ಮಾಡೆಲ್. ಅಪ್ಪ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲ ಔಷಧಿ ಹೊಡೆಸಬೇಕಿತ್ತು, ಶಿವಮೊಗ್ಗಕ್ಕೆ ಹೋಗಿ ಮೈಲುತುತ್ತ, ಸುಣ್ಣ, ರಾಳ ಎಲ್ಲ ಹಾಕಿಕೊಂಡು ಬರುತ್ತಿದ್ದೆವು. ನಾನು, ನನ್ನ ಹೆಂಡತಿ. ಆಯನೂರಲ್ಲಿ ಎಡಕ್ಕೆ ತಿರುಗಿ ಸೂಡೂರು ದಾಟುವವರೆಗೆ ಏನೂ ತೊಂದರೆ ಇರಲಿಲ್ಲ. ಆಮೇಲೆ ಸಣ್ಣ ಏರು ಬಂದರೂ ಗಾಡಿಗೆ ಉಸಿರು ಕಟ್ಟತೊಡಗಿತು. ಸ್ವಲ್ಪ ಹೊತ್ತು ನಿಲ್ಲಿಸಿದರೆ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದೂರ ಓಡುತ್ತದೆ, ಮತ್ತೆ ನಿಲ್ಲುತ್ತದೆ.

ಮಳೆಗಾಲದಲ್ಲಿ ಓಮ್ನಿ ನಿಂತರೆ ಮಲೆನಾಡಿನವರು ಮೊದಲು ಮಾಡುವ ಕೆಲಸ ಒಂದೇ. ಮುಂದಿನ ಸೀಟು ಎತ್ತಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿ ಒಣಬಟ್ಟೆಯಲ್ಲಿ ಒರೆಸುವುದು. ಇಂಜಿನ್ ನೆಲಕ್ಕೆ ಹತ್ತಿರ, ರಸ್ತೆಯ ನೀರು ಹಾರಿದರೆ ಕರೆಂಟ್ ಲೀಕ್ ಆಗಿ ಪ್ಲಗ್ಗಿಗೆ ಕಿಡಿ ಹೋಗುವುದಿಲ್ಲ. ಒರೆಸಿದೆ. ಈ ಸಲ ಅದಲ್ಲ. ಅಂತೂ ನಿಂತು ನಿಂತು ರಿಪ್ಪನ್‌ಪೇಟೆ ಮುಟ್ಟಿದೆವು. ಗಾಡಿ ರಿಪೇರಿ ಮಾಡುವ ನಮ್ಮ ಮೇಸ್ತ್ರಿಯ ಶೆಡ್ಡಿಗೆ ಬೀಗ. ಪಕ್ಕದ ಅಂಗಡಿಯವರು, "ಕಣ್ಣಿನ ಪೊರೆ ಆಪರೇಷನ್ ಆಗಿದೆ, ಮನೇಲಿದಾರೆ" ಅಂದರು. ಅವರೇ ಹೊಸ ಗ್ಯಾರೇಜ್ ತೋರಿಸಿದರು.

ಹೊಸ ಗ್ಯಾರೇಜು ಅಂದರೆ ನಿಜವಾಗಿಯೂ ಹೊಸದು. ನೆಲಕ್ಕೆ ಟೈಲ್ಸ್, ಗೋಡೆಗೆ ರೇಟ್ ಬೋರ್ಡ್. ಇಪ್ಪತ್ತರ ಆಸುಪಾಸಿನ ಹುಡುಗ ಬಂದ. ಐಟಿಐ ಮಾಡಿದವನಂತೆ. ಕೈಯಲ್ಲಿ ಮೊಬೈಲಿಗಿಂತ ದೊಡ್ಡದೊಂದು ಯಂತ್ರ, ಅದರಿಂದ ಇಳಿಬಿದ್ದ ಒಂದು ವೈರು. ಗಾಡಿಯ ಸುತ್ತ ಒಂದು ಸುತ್ತು ಬಂದ. ಬಾಗಿಲು ತೆಗೆದು ಸ್ಟಿಯರಿಂಗ್ ಕೆಳಗೆ ಬಗ್ಗಿದ. ಮೊಬೈಲ್ ಟಾರ್ಚ್ ಹಾಕಿದ. ಕೈಯಾಡಿಸಿದ. ಆಮೇಲೆ ಎದ್ದು ನಿಂತು, ತುಂಬಾ ಮರ್ಯಾದೆಯಿಂದ ಕೇಳಿದ.

"ಅಣ್ಣಾ, ಇದಕ್ಕೆ ಸ್ಕ್ಯಾನರ್ ಎಲ್ಲಿ ಹಾಕೋದು?"

ನನ್ನ ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡಳು. ಭುಜ ಕುಣಿಯುತ್ತಿತ್ತು.

"ಇದರಲ್ಲಿ ಅದೆಲ್ಲ ಇಲ್ಲ ಮಾರಾಯ, ಸೀಟು ಎತ್ತು" ಅಂದೆ. ಎತ್ತಿದ. "ಓ" ಅಂದ. ಸ್ವಲ್ಪ ಹೊತ್ತು ಸುಮ್ನೆ ನೋಡಿದ. "ಕಾರ್ಬೊರೇಟರ್ ಗಾಡಿನಾ? ನಾನು ಬೈಕ್‌ದು ಬಿಚ್ಚಿದೀನಿ ಅಷ್ಟೆ. ಇದರ ಕೆಲಸ ಗೊತ್ತಿಲ್ಲ ಅಣ್ಣಾ. ಗೊತ್ತಿರೋರು ಯಾರಾದ್ರೂ ಫೋನಲ್ಲಿ ಹೇಳಿದ್ರೆ ಮಾಡ್ತೀನಿ."

ಆ ಹುಡುಗನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಬಂದಿದ್ದು ಅಲ್ಲೇ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಬಿಚ್ಚಿ, ನಾಲ್ಕು ಬೋಲ್ಟ್ ಉಳಿಸಿ, "ಇದು ಎಕ್ಸ್‌ಟ್ರಾ" ಎಂದು ಕೈಗೆ ಕೊಟ್ಟವರನ್ನು ನಾನು ನೋಡಿದ್ದೇನೆ. ಮತ್ತೆ, ಅವನು ಕೇಳಿದ್ದರಲ್ಲಿ ತಪ್ಪೇನಿದೆ? ಮಾರುತಿ ವ್ಯಾನ್ ಅಂತ ಈ ಗಾಡಿ ಬಂದಿದ್ದು 1984ರಲ್ಲಿ. ಓಮ್ನಿ ಅನ್ನುವ ಹೆಸರು ಬಿದ್ದಿದ್ದು 1988ರಲ್ಲಿ. ನಮ್ಮ ಗಾಡಿ ಫ್ಯಾಕ್ಟರಿಯಿಂದ ಹೊರಗೆ ಬಂದಾಗ ಈ ಹುಡುಗ ಹುಟ್ಟಿರಲಿಲ್ಲ. 2019ರಲ್ಲಿ ಓಮ್ನಿ ತಯಾರಿಕೆಯೇ ನಿಂತಾಗ ಅವನು ಇನ್ನೂ ಹೈಸ್ಕೂಲ್ ಮೆಟ್ಟಿಲು ಹತ್ತುತ್ತಿದ್ದಿರಬೇಕು. ಅವನ ಕೈಗೆ ಬರುವ ಗಾಡಿಗಳಿಗೆಲ್ಲ ಸ್ಟಿಯರಿಂಗ್ ಕೆಳಗೆ ಸಾಕೆಟ್ ಇರುತ್ತದೆ. ವೈರು ಸಿಕ್ಕಿಸಿದರೆ ಗಾಡಿಯೇ ತನ್ನ ಕಾಯಿಲೆ ಹೇಳುತ್ತದೆ. ನಮ್ಮದರಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವುದು ಕಾರ್ಬೊರೇಟರ್, ಅದಕ್ಕೆ ಬಾಯಿಲ್ಲ.

ಮೇಸ್ತ್ರಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

"ಗೌಡ್ರೆ, ಏರಲ್ಲಿ ನಿಲ್ಲುತ್ತಾ, ತಗ್ಗಲ್ಲಿ ಓಡುತ್ತಾ?"

"ಹೌದು."

"ನಿಲ್ಲೋ ಮುಂಚೆ ಕೆಮ್ಮುತ್ತಾ, ಇಲ್ಲ ಸುಮ್ನೆ ಸೋತ ಹಾಗೆ ನಿಲ್ಲುತ್ತಾ?"

"ಸೋತ ಹಾಗೆ."

"ಹಂಗಾದ್ರೆ ಕರೆಂಟ್ ಅಲ್ಲ, ಪೆಟ್ರೋಲು. ಕಾರ್ಬೊರೇಟರ್ ಹತ್ರ ಪೈಪ್ ಬಿಚ್ಚಿ ಬಾಟ್ಲಿಗೆ ಹಿಡೀರಿ. ಪ್ಲಗ್ ವೈರ್ ಕಿತ್ತಿಟ್ಟು ಸೆಲ್ಫ್ ಹೊಡೀರಿ. ಮುಂಚೆ ಬೀಡಿ ಸೇದೋರನ್ನ ದೂರ ಕಳಿಸಿ."

ಬಾಟ್ಲಿಗೆ ಪೆಟ್ರೋಲ್ ಪಿಚಕ್ ಪಿಚಕ್ ಅಂತ ಹಾರಬೇಕಿತ್ತು. ತೊಟ್ಟಿಕ್ಕಿತು. "ಪಂಪು" ಅಂದರು ಮೇಸ್ತ್ರಿ, ಮಲಗಿದಲ್ಲಿಂದಲೇ. ಆ ಕಾಲದ ಓಮ್ನಿಯಲ್ಲಿ ಪೆಟ್ರೋಲ್ ಪಂಪಿಗೆ ಕರೆಂಟ್ ಬೇಡ. ಇಂಜಿನ್ ತಿರುಗಿದ ಹಾಗೆ ಒಂದು ಲಿವರ್ ಆಡುತ್ತದೆ. ಒಳಗೆ ರಬ್ಬರಿನ ಒಂದು ತೆಳು ಪರದೆ ಮೇಲೆ ಕೆಳಗೆ ಆಗಿ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಆ ಪರದೆ ಬಿರುಕು ಬಿಟ್ಟಿತ್ತು. ಸಮತಟ್ಟು ರಸ್ತೆಗೆ ಸಾಕಾಗುವಷ್ಟು ಎಳೆಯುತ್ತಿತ್ತು, ಏರಿನಲ್ಲಿ ಸಾಲುತ್ತಿರಲಿಲ್ಲ. "ಈಗಿನ ಪೆಟ್ರೋಲು ಗೌಡ್ರೆ, ಸ್ಪಿರಿಟ್ ಹಾಕ್ತಾರೆ, ರಬ್ಬರ್ ತಿನ್ನುತ್ತೆ" ಅಂತ ಮೇಸ್ತ್ರಿ ಒಂದು ಭಾಷಣ ಮಾಡಿದರು. ನೂರಕ್ಕೆ 20 ಭಾಗ ಎಥೆನಾಲ್ ಇರುವ ಪೆಟ್ರೋಲ್ 2025ರಿಂದ ಎಲ್ಲ ಕಡೆ ಬಂದಿದೆ. ಅದನ್ನು ತಡೆಯುವ ರಬ್ಬರು, ಪೈಪು ಬಂದಿದ್ದು 2023ರ ಈಚಿನ ಗಾಡಿಗಳಿಗೆ. 1994ರ ಗಾಡಿಯನ್ನು ಯಾರು ಕೇಳುತ್ತಾರೆ? ಆದರೆ ಆ ಪಂಪು ಕೂಡ ಹಳೆಯದೇ. ಪೂರ್ತಿ ತಪ್ಪು ಪೆಟ್ರೋಲಿನದ್ದೇ ಅಂತ ನಾನು ಹೇಳಲಾರೆ. ಮೇಸ್ತ್ರಿಗೆ ಸರ್ಕಾರದ ಮೇಲೆ ಯಾವಾಗಲೂ ಒಂದು ಸಿಟ್ಟು ಇರುತ್ತದೆ.

ಹಳೇ ಸ್ಪೇರ್ ಅಂಗಡಿಯಲ್ಲಿ ಪಂಪ್ ಸಿಕ್ಕಿತು. ಓಮ್ನಿಯದ್ದು ಮಾರುತಿ 800ರಲ್ಲಿದ್ದ ಅದೇ 796 ಸಿಸಿ, ಮೂರು ಸಿಲಿಂಡರ್ ಇಂಜಿನ್. ಹಾಗಾಗಿ ಇಂಜಿನ್ ಸಾಮಾನು ಈಗಲೂ ಎಲ್ಲೋ ಒಂದು ಮೂಲೆಯಲ್ಲಿ ಧೂಳು ಹಿಡಿದು ಇರುತ್ತದೆ. ಹುಡುಗ ಹಳೇ ಪಂಪ್ ಬಿಚ್ಚಿ, ಪ್ಯಾಕಿಂಗ್ ಕೆರೆದು, ಹೊಸದು ಕೂರಿಸುವಷ್ಟರಲ್ಲಿ ಒಂದೂವರೆ ಗಂಟೆ ಹಿಡಿಯಿತು. ಮೇಸ್ತ್ರಿ ಫೋನಿನಲ್ಲೇ ಗದರುತ್ತಿದ್ದರು. ಗಾಡಿ ಸ್ಟಾರ್ಟ್ ಆಯಿತು. ಫೋನನ್ನು ಇಂಜಿನ್ ಹತ್ತಿರ ಹಿಡಿಯಲು ಹೇಳಿ, ಕೇಳಿಸಿಕೊಂಡು, "ಟ್ಯಾಪೆಟ್ ಸ್ವಲ್ಪ ಸಡಿಲ ಇದೆ, ಆಮೇಲೆ ನೋಡೋಣ" ಅಂದರು. ಟ್ಯಾಪೆಟ್ ಅಂದರೆ ಇಂಜಿನ್ನಿನ ವಾಲ್ವ್ ತೆರೆಸುವ ಭಾಗ. ಅದರ ಸದ್ದು ನಿಜಕ್ಕೂ ಕೇಳಿಸಿತೋ, ಇಲ್ಲ ನಮ್ಮನ್ನು ಬೆರಗುಗೊಳಿಸಲು ಹೇಳಿದರೋ, ದೇವರೇ ಬಲ್ಲ.

ಆಮೇಲೆ ನಡೆದದ್ದು ನೋಡಿ. ಹುಡುಗ ಫೋನಿಗೇ ಕೇಳಿದ, "ಮೇಸ್ತ್ರಿ, ಮಜೂರಿ ಎಷ್ಟು ತಗೊಳ್ಳಿ?"

"ನೂರೈವತ್ತು ತಗೋ, ನಮ್ಮ ಗೌಡ್ರು."

ಹುಡುಗ ಏನೂ ಮಾತಾಡಲಿಲ್ಲ. ಅವನ ತಲೆಯ ಮೇಲೇ ಗೋಡೆಯ ರೇಟ್ ಬೋರ್ಡ್ ಇತ್ತು. ಮೊದಲನೇ ಸಾಲು: ಸ್ಕ್ಯಾನಿಂಗ್, 500. ವೈರು ಸಿಕ್ಕಿಸಿ ಯಂತ್ರದ ಸ್ಕ್ರೀನ್ ನೋಡಲು 500. ಮಳೆಯಲ್ಲಿ ನೆನೆದ ಇಂಜಿನ್ನಿಗೆ ಮುಖ ಕೊಟ್ಟು ಒಂದೂವರೆ ಗಂಟೆ ಬಗ್ಗಿ ಕೂತಿದ್ದಕ್ಕೆ 150.

ನನ್ನ ಹೆಂಡತಿ ಪರ್ಸ್ ತೆಗೆದು 500ರ ನೋಟು ಕೊಟ್ಟಳು. "ಸ್ಕ್ಯಾನಿಂಗ್ ಚಾರ್ಜ್ ಅಂತ ಬರ್ಕೊಳಪ್ಪ" ಅಂದಳು. ಹುಡುಗ ಆಗ ನಕ್ಕ.

ನಮ್ಮ ಕಡೆ ಹಳೇ ಓಮ್ನಿ ಇಟ್ಟುಕೊಂಡವರೆಲ್ಲ ಹೇಳುವ ಮಾತೊಂದಿದೆ: "ಮೇಂಟೆನೆನ್ಸೇ ಇಲ್ಲ ಮಾರಾಯ್ರೆ." ಮದುವೆ ಮನೆಯಲ್ಲಿ ಎಲೆ ಹಾಕುವ ಮುಂಚೆ ನಾಲ್ಕು ಜನ ಸೇರಿದರೆ ಇದೇ ಮಾತು. ಸುಳ್ಳು. ಮೇಂಟೆನೆನ್ಸ್ ಬೇಕಾದಷ್ಟು ಇದೆ. ಮಲೆನಾಡಿನ ಮಳೆಗೆ ಫ್ಲೋರು ತೂತು ಬೀಳುತ್ತದೆ, ತಗಡು ಕತ್ತರಿಸಿ ವೆಲ್ಡ್ ಮಾಡಿಸಬೇಕು. ಜಾರುವ ಬಾಗಿಲಿನ ಕೆಳಗಿನ ರೈಲು ತುಕ್ಕು ಹಿಡಿದು ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಕ್ಲಚ್ ಕೇಬಲ್ ತುಂಡಾಗುವುದು ಯಾವಾಗಲೂ ಊರಿನಿಂದ ದೂರ ಇದ್ದಾಗಲೇ. ಹನ್ನೆರಡು ಇಂಚಿನ ಆ ಟೈರು ಕೇಳಿದರೆ ಈಗ ಅಂಗಡಿಯವರು "ತರಿಸಬೇಕು" ಅನ್ನುತ್ತಾರೆ. ಅಡಿಕೆ ಮೂಟೆ ಜಾಸ್ತಿ ಹೇರಿದವರ ಗಾಡಿಯ ಹಿಂದಿನ ಸ್ಪ್ರಿಂಗ್ ಪಟ್ಟಾ ಒಂದಲ್ಲ ಒಂದು ವರ್ಷ ಮುರಿಯುತ್ತದೆ. ಕಾರ್ಬೊರೇಟರ್ ವರ್ಷಕ್ಕೊಮ್ಮೆ ಬಿಚ್ಚಲೇಬೇಕು. ಇಷ್ಟೆಲ್ಲ ಇದ್ದೂ "ಏನೂ ಖರ್ಚಿಲ್ಲ" ಅನ್ನಿಸುವುದು ಯಾಕೆ ಅಂದರೆ ಮೇಸ್ತ್ರಿ ನೂರೈವತ್ತು ತಗೊಳ್ಳುವುದರಿಂದ. ಗಾಡಿಯ ಒಳ್ಳೆಯತನ ಅಂತ ನಾವು ಹೊಗಳುವುದರಲ್ಲಿ ಅರ್ಧಕ್ಕರ್ಧ ಈ ಮನುಷ್ಯನ ಕೂಲಿ.

ಸ್ಪೇರ್ ಪಾರ್ಟಿನ ಡಬ್ಬದ ಮೇಲೆ ರೇಟು ಅಚ್ಚಾಗಿರುತ್ತದೆ, ಯಾರೂ ಚೌಕಾಸಿ ಮಾಡುವುದಿಲ್ಲ. ಮಜೂರಿ ಬಾಯಿಮಾತಿನದ್ದು. ಅಲ್ಲಿ ಎಲ್ಲರ ಬುದ್ಧಿಯೂ ಚುರುಕಾಗುತ್ತದೆ. "ಬರೀ ಅಷ್ಟಕ್ಕೆ ಇಷ್ಟಾ ಮೇಸ್ತ್ರಿ?" ಅನ್ನುವ ಮಾತು ಆ ಶೆಡ್ಡಿನಲ್ಲಿ ಬೀಳದ ದಿನವೇ ಇಲ್ಲ. ಅದೇ ಮನುಷ್ಯರು ಬೋರ್ಡ್ ನೋಡಿ 500 ಕೊಟ್ಟು ಸುಮ್ಮನೆ ಬರುತ್ತಾರೆ.

ನನ್ನ ಭಾವ ಇದ್ದಾರೆ, ಸಾಗರದಲ್ಲಿ. ಹೆಂಡತಿಯ ಅಣ್ಣ. ಒಳ್ಳೆಯವರೇ, ಆದರೆ ಯಾವ ವಸ್ತು ನೋಡಿದರೂ ಮಾರಿದರೆ ಎಷ್ಟು ಬರುತ್ತೆ ಅಂತ ಮನಸ್ಸಿನಲ್ಲೇ ಲೆಕ್ಕ ಹಾಕುವವರು. ಸುದ್ದಿ ಕೇಳಿ ಅವತ್ತೇ ಫೋನ್ ಮಾಡಿದರು. "ಭಾವ, ಇನ್ನೂ ಅದನ್ನ ಇಟ್ಕೊಂಡಿದೀರಲ್ಲ, ಗುಜರಿಗೆ ಹಾಕಿ. ಮುಂದಿನ ಸಲ ಆರ್‌ಸಿ ರಿನ್ಯೂವಲ್‌ಗೇ ಹತ್ತು ಸಾವಿರ." ಅದು ನಿಜ. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ಇದ್ದ ಫೀಸು 2022ರಲ್ಲಿ 5,000 ಆಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ 10,000 ಮಾಡಿದರು. ನಮ್ಮದು 2024ರಲ್ಲಿ ಆಗಿದೆ, ಇನ್ನು 2029ಕ್ಕೆ. ಆದರೆ ಭಾವನ ಹೊಸ ಗಾಡಿ ಮೊನ್ನೆ ಮೊನ್ನೆ ಒಂದು ಸೆನ್ಸಾರಿಗೆ ಕಾದು ಶಿವಮೊಗ್ಗದ ಸರ್ವಿಸ್ ಸೆಂಟರಿನಲ್ಲಿ ದಿನಗಟ್ಟಲೆ ನಿಂತಿತ್ತು. ಆಗ ಅವರ ಮನೆಯ ಹಬ್ಬದ ಸಾಮಾನು ಯಾವ ಗಾಡಿಯಲ್ಲಿ ಹೋಯಿತು ಅಂತ ಕೇಳಬೇಕು ಅನ್ನಿಸಿತು. ಹೆಂಡತಿ ಎದುರಿಗೇ ಇದ್ದಳು, ಕೇಳಲಿಲ್ಲ.

ಹೊಸ ಗಾಡಿ ಕೆಟ್ಟದ್ದು ಅಂತಲ್ಲ. ಓಮ್ನಿಯಲ್ಲಿ ಕೂತರೆ ಮುಂದೆ ಗುದ್ದಿದರೆ ಮೊಣಕಾಲೇ ಬಂಪರ್. ಅದಕ್ಕೇ ಅದು ನಿಂತಿದ್ದು, ಸುರಕ್ಷತೆಯ ಹೊಸ ನಿಯಮಕ್ಕೆ ಒಗ್ಗಿಸಲು ಆಗಲಿಲ್ಲ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಈಗ ನಾನಂತೂ ಇದರಲ್ಲಿ ಇಳಿಯುವುದಿಲ್ಲ. ತೋಟಕ್ಕೆ, ಪೇಟೆಗೆ, ಅಡಿಕೆ ಮಂಡಿಗೆ ಸಾಕು.

ಮತ್ತೆ ಮತ್ತೆ ಹುಡುಗ ಟಾರ್ಚ್ ಹಾಕಿಕೊಂಡು ಬಗ್ಗಿ ಹುಡುಕಿದ್ದೇ ಕಣ್ಣಿಗೆ ಬರುತ್ತದೆ. ಎಲ್ಲರೂ "ಈಗಿನ ಹುಡುಗರಿಗೆ ಕೆಲಸ ಬರಲ್ಲ" ಅನ್ನುತ್ತಾರೆ. ಯಾರು ಕಲಿಸಿದರು? ಮೇಸ್ತ್ರಿ ಮೇಲೆ ನನಗೆ ಪ್ರೀತಿ ಇದೆ, ಆದರೆ ಇದ್ದದ್ದು ಹೇಳಬೇಕು. ಅವರ ಶೆಡ್ಡಿಗೆ ಎಷ್ಟು ಹುಡುಗರು ಬಂದು ಹೋದರು! ಟೈರ್ ಬಿಚ್ಚು, ಗ್ರೀಸ್ ಒರೆಸು, ಅಷ್ಟೇ. ಕಾರ್ಬೊರೇಟರ್ ಟ್ಯೂನಿಂಗ್ ಬಂದರೆ ಹುಡುಗರನ್ನು ಟೀ ತರಲು ಕಳಿಸುತ್ತಿದ್ದರು. ಸ್ಕ್ರೂ ಎಷ್ಟು ಸುತ್ತು ಬಿಚ್ಚಬೇಕು ಅನ್ನುವುದನ್ನು ಕೈ ಅಡ್ಡ ಇಟ್ಟು ಮಾಡುತ್ತಿದ್ದರು, ಇಸ್ಪೀಟ್ ಎಲೆ ಮುಚ್ಚಿಕೊಂಡ ಹಾಗೆ. ಅದಕ್ಕೂ ಕಾರಣ ಇದೆ ಅನ್ನಿ. ನೂರೈವತ್ತರ ಕೂಲಿಯವನಿಗೆ ಇರುವ ಆಸ್ತಿ ಆ ಗುಟ್ಟೊಂದೇ. ಕಲಿತ ಹುಡುಗ ಎದುರಿಗೇ ಶೆಡ್ ಹಾಕಿದರೆ? ಒಬ್ಬ ಹಾಕಿಯೂ ಇದ್ದ, ಆಮೇಲೆ ಬೆಂಗಳೂರಿಗೆ ಹೋದ.

ನಿನ್ನೆ ಮೇಸ್ತ್ರಿ ಮನೆಗೆ ಹೋಗಿದ್ದೆ. ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದರು. ಹುಡುಗನ ಬಗ್ಗೆ ಅವರೇ ಎತ್ತಿದರು. "ಕೈ ಮೆತ್ತಗಿದೆ ಅವನದ್ದು, ಬೋಲ್ಟ್ ಥ್ರೆಡ್ ಹಾಳು ಮಾಡಲಿಲ್ಲ. ಟ್ಯಾಪೆಟ್, ಕಾರ್ಬೊರೇಟರ್ ಎರಡೂ ಅವನ ಹತ್ರಾನೇ ಮಾಡಿಸಿ. ನಾನು ಕುರ್ಚಿ ಹಾಕ್ಕೊಂಡು ಕೂತು ಹೇಳ್ತೀನಿ." ಹುಡುಗನಿಗೆ ಫೋನ್ ಮಾಡಿದೆ. ಖುಷಿಯಾದ. "ಭಾನುವಾರ ಬರ್ತೀನಿ ಅಣ್ಣಾ. ಪೂರ್ತಿ ವಿಡಿಯೊ ಮಾಡ್ಕೊಳ್ತೀನಿ, ಆಯ್ತಾ?"

ಮೇಸ್ತ್ರಿಗೆ ಹೇಳಿದೆ. "ವಿಡಿಯೊ ಗಿಡಿಯೊ ಆಗಲ್ಲ. ನೋಡಿ ಕಲೀಲಿ."

ಹುಡುಗನಿಗೆ ಹೇಳಿದೆ. "ನೋಡಿದ್ದು ಮರೆತುಹೋಗುತ್ತೆ ಅಣ್ಣಾ. ವಿಡಿಯೊ ಇಲ್ಲ ಅಂದ್ರೆ ನಾನು ಬರಲ್ಲ."

ಭಾನುವಾರಕ್ಕೆ ಇನ್ನೂ ಎರಡು ದಿನ ಇದೆ. ಹೆಂಡತಿ ಹೇಳುವ ಪ್ರಕಾರ ಮೇಸ್ತ್ರಿಗೆ ಒಂದು ದಿನದ ಕೂಲಿ ಅಂತ ಬೋರ್ಡ್ ರೇಟಿನಲ್ಲೇ ಲೆಕ್ಕ ಹಾಕಿ ಮೊದಲೇ ಕೈಗೆ ಕೊಡಬೇಕಂತೆ, ಆಮೇಲೆ ವಿಡಿಯೊ ಮಾತು ತೆಗೆಯಬೇಕಂತೆ. ನಾಳೆ ಹೋಗಿ ನೋಡುತ್ತೇನೆ.