ಕಡಲ ಕಡೆಯ ಚಿಮಣಿ: ಹನ್ನೊಂದು ವಾರದ ಕೆಲಸದ ಟಿಪ್ಪಣಿ

ವಾರ 1

ಈ ಕೆಲಸ ಶುರುವಾಗಿದ್ದು ಒಂದು ವಾಸನೆಯಿಂದ. ಒದ್ದೆ ಬೂದಿಗೆ ಡಾಂಬರು ಕಲೆಸಿದ ಹಾಗಿನ ವಾಸನೆ. ಅಗ್ಗಿಷ್ಟಿಕೆ ಹಚ್ಚಿ ಐದು ತಿಂಗಳಾಯಿತು. ಆದರೂ ಮೋಡ ಮುಚ್ಚಿದ ದಿನ ಹಜಾರ ತುಂಬ ಅದೇ ವಾಸನೆ. ಕಿಟಕಿ ತೆರೆದರೆ ಹೋಗುತ್ತದೆ, ಮುಚ್ಚಿದರೆ ಮತ್ತೆ ಬರುತ್ತದೆ.

ಚಿಮಣಿಯೊಳಗೆ ಅಂಟಿದ ಮಸಿ ತೇವ ಹೀರಿದಾಗ ಹೀಗೆ ನಾರುತ್ತದೆ. ಹೊರಗಿಗಿಂತ ಮನೆ ಒಳಗೆ ತಂಪಿದ್ದರೆ ಚಿಮಣಿಯ ಗಾಳಿ ಕೆಳಕ್ಕೆ ಇಳಿಯುತ್ತದೆ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರಂತೂ ಹೊರಗೆ ಹೋದ ಗಾಳಿಯ ಜಾಗಕ್ಕೆ ಚಿಮಣಿಯಿಂದಲೇ ಗಾಳಿ ನುಗ್ಗುತ್ತದೆ. ಇಷ್ಟು ಅರ್ಥವಾಯಿತು. ಆದರೆ ಮಸಿಗೆ ಅಷ್ಟು ತೇವ ಎಲ್ಲಿಂದ ಬಂತು?

ಟಾರ್ಚ್ ಹಿಡಿದು ಒಳಗೆ ತಲೆ ಹಾಕಿ ನೋಡಿದೆ. ಹೊಗೆ ದಾರಿ ಮುಚ್ಚುವ ಕಬ್ಬಿಣದ ಬಾಗಿಲು, ಅಂದರೆ ಡ್ಯಾಂಪರ್, ಅರ್ಧ ತೆರೆದು ಅಲ್ಲೇ ಸಿಕ್ಕಿಕೊಂಡಿದೆ. ಹಿಡಿಕೆ ಎಳೆದರೆ ತುಕ್ಕು ಚಕ್ಕೆ ಚಕ್ಕೆಯಾಗಿ ಮುಖದ ಮೇಲೆ ಬಿತ್ತು. ಬೆಂಕಿ ಉರಿದರೆ ಕಬ್ಬಿಣ ಹೀಗೆ ಆಗುವುದಿಲ್ಲ. ಇದು ನೀರಿನ ಕೆಲಸ.

ವಾರ 2

ಚಿಮಣಿ ಕೆಲಸದ ಮೇಸ್ತ್ರಿ ಬಂದರು. ಜೊತೆಗೆ ಒಬ್ಬ ಹುಡುಗ. ಬ್ರಷ್ ತೆಗೆಯುವ ಮೊದಲು ಅವರು ಅರ್ಧ ಗಂಟೆ ಮನೆ ಸುತ್ತ ಓಡಾಡಿದರು. ದುರ್ಬೀನು ಹಿಡಿದು ಚಿಮಣಿಯ ನಾಲ್ಕೂ ಮುಖ ನೋಡಿದರು. ಕಡಲ ಕಡೆಯ ಮುಖ ಬಂದಾಗ ಜಾಸ್ತಿ ಹೊತ್ತು ನಿಂತರು.

"ಸರ್, ಮಸಿ ತೆಗೆಯೋದು ಒಂದು ದಿನದ ಕೆಲಸ. ನಿಮ್ಮ ಚಿಮಣಿಗೆ ಕಾಯಿಲೆ ಹೊರಗಿನಿಂದ ಬಂದಿದೆ" ಅಂದರು.

ಈ ಮಾತು ನನಗೆ ಬೇಕಿತ್ತು. ಇಷ್ಟು ವರ್ಷ ಚಿಮಣಿ ಅಂದರೆ ಒಳಗಿನ ಮಸಿ ಅಂತಲೇ ಯೋಚಿಸಿದ್ದೆ. ಕಡಲ ಹತ್ತಿರದ ಹಳೆ ಮನೆಯಲ್ಲಿ ಚಿಮಣಿಯಷ್ಟು ಉಪ್ಪುಗಾಳಿಗೆ ಮೈಯೊಡ್ಡಿ ನಿಲ್ಲುವುದು ಬೇರೇನೂ ಇಲ್ಲ. ಗೋಡೆಗೆ ಸೂರಿನ ನೆರಳಿದೆ. ಚಿಮಣಿಗೆ ಅದೂ ಇಲ್ಲ. ಮಾಡಿನ ಮೇಲೆ ಒಂಟಿಯಾಗಿ ನಿಂತಿರುತ್ತದೆ, ಅಲ್ವಾ?

ತಪಾಸಣೆಯಲ್ಲಿ ಮೂರು ಹಂತ ಇದೆ ಅಂತ ಅವರು ವಿವರಿಸಿದರು. ಅಮೆರಿಕದ ಎನ್‌ಎಫ್‌ಪಿಎ 211 ಎಂಬ ಮಾನದಂಡದಲ್ಲಿ ಬರೆದಿರುವ ಕ್ರಮ ಇದು. ಮೊದಲ ಹಂತ ಕಣ್ಣಿಗೆ ಕಾಣುವ, ಕೈಗೆ ಸಿಗುವ ಭಾಗಗಳಷ್ಟೇ. ಎರಡನೆಯದರಲ್ಲಿ ಕ್ಯಾಮೆರಾ ಒಳಗೆ ಬಿಡುತ್ತಾರೆ, ಅಟ್ಟವನ್ನೂ ನೋಡುತ್ತಾರೆ. ಮನೆ ಕೈ ಬದಲಾದಾಗ, ಚಿಮಣಿಯೊಳಗೆ ಬೆಂಕಿ ಹತ್ತಿದ ಮೇಲೆ, ಒಲೆ ಬದಲಿಸಿದಾಗ ಇದು ಬೇಕೇ ಬೇಕು. ಮೂರನೆಯದಕ್ಕೆ ಗೋಡೆ ಒಡೆಯಬೇಕಾಗುತ್ತದೆ. ಉಪಯೋಗಿಸಲಿ, ಬಿಡಲಿ, ವರ್ಷಕ್ಕೊಮ್ಮೆ ತಪಾಸಣೆ ಆಗಲೇಬೇಕು ಅಂತಲೂ ಅದೇ ಮಾನದಂಡ ಹೇಳುತ್ತದೆ. ನಾವು ಈ ಮನೆ ಕೊಂಡಾಗ ಎರಡನೇ ಹಂತ ಮಾಡಿಸಿರಲಿಲ್ಲ. ಆಗ ಗೊತ್ತಿರಲಿಲ್ಲ. ಈಗ ಮಾಡಿಸುತ್ತಿದ್ದೇವೆ.

ವಾರ 3, ಮಸಿ ತೆಗೆದ ದಿನ

ಬೆಳಿಗ್ಗೆ ಹಜಾರದ ನೆಲಕ್ಕೆಲ್ಲ ಬಟ್ಟೆ ಹಾಸಿದರು. ಅಗ್ಗಿಷ್ಟಿಕೆಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಅದರ ಸಂದಿಯಿಂದ ವ್ಯಾಕ್ಯೂಮಿನ ಪೈಪು ತೂರಿಸಿದರು. ಸಣ್ಣ ಪುಡಿಯನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವ ವ್ಯಾಕ್ಯೂಮ್. ಮಾಮೂಲಿ ಮನೆಬಳಕೆಯದು ಹಾಕಿದರೆ ಮಸಿ ಹಿಂದಿನಿಂದ ಹೊರಗೆ ಬಂದು ಮನೆ ತುಂಬಾ ಹರಡುತ್ತದೆ.

ಹುಡುಗನಿಗೆ ಮಾಸ್ಕ್, ಕೈಗವಸು, ಕನ್ನಡಕ ಎಲ್ಲ ಹಾಕಿಸಿದ ಮೇಲೆಯೇ ಮೇಸ್ತ್ರಿ ಕೆಲಸ ಶುರು ಮಾಡಿದ್ದು. ನನಗೂ ಒಂದು ಮಾಸ್ಕ್ ಕೊಟ್ಟರು. ನೋಡಿ ಸಮಾಧಾನವಾಯಿತು. 1775ರಲ್ಲೇ ಪರ್ಸಿವಲ್ ಪಾಟ್ ಎಂಬ ಲಂಡನ್ನಿನ ಶಸ್ತ್ರವೈದ್ಯ ಚಿಮಣಿ ಗುಡಿಸುವವರಿಗೆ ಬರುತ್ತಿದ್ದ ಕ್ಯಾನ್ಸರಿಗೆ ಮಸಿ ಕಾರಣ ಅಂತ ಬರೆದಿದ್ದ. ಆ ಕಾಲದಲ್ಲಿ ಪುಟ್ಟ ಮಕ್ಕಳನ್ನೇ ಚಿಮಣಿಯೊಳಗೆ ಹತ್ತಿಸುತ್ತಿದ್ದರು. ದುಡಿಮೆಯಿಂದ ಬರುವ ಕ್ಯಾನ್ಸರನ್ನು ಮೊದಲು ಗುರುತಿಸಿದವರಲ್ಲಿ ಪಾಟ್ ಒಬ್ಬ. ಈ ಕೆಲಸ ಮಾಡಿಸುವವರೂ ಇದನ್ನು ತಿಳಿದಿರಬೇಕು. ಮಾಸ್ಕ್ ಇಲ್ಲದೆ ಯಾರಾದರೂ ಬಂದರೆ ಕೆಲಸ ಶುರು ಮಾಡಲು ಬಿಡಬೇಡಿ.

ನಮ್ಮದು ಒಳಗೆ ಸುಟ್ಟ ಮಣ್ಣಿನ ಕೊಳವೆ ಇರುವ ಚಿಮಣಿ. ಅದಕ್ಕೆ ತಂತಿ ಬ್ರಷ್ ನಡೆಯುತ್ತದೆ. ಮಣ್ಣಿನದರ ಬದಲು ಸ್ಟೀಲ್ ಕೊಳವೆ, ಅಂದರೆ ಸ್ಟೀಲ್ ಲೈನರ್ ಇದ್ದರೆ ಪ್ಲಾಸ್ಟಿಕ್ ಎಳೆಯ ಬ್ರಷ್ಷೇ ಬೇಕು, ಇಲ್ಲದಿದ್ದರೆ ಗೀರು ಬಿದ್ದು ಅಲ್ಲಿಂದ ತುಕ್ಕು ಶುರು. ರಾಡಿಗೆ ರಾಡು ಜೋಡಿಸುತ್ತಾ ಮೇಲಕ್ಕೆ ತಳ್ಳಿದರು. ಮೊದಲು ಉದುರಿದ್ದು ಹಗುರ ಪುಡಿ. ಆಮೇಲೆ ಕಪ್ಪು, ಮಿರುಗುವ ಚಕ್ಕೆಗಳು. ಒಂದು ಚಕ್ಕೆ ಅಂಗೈ ಮೇಲಿಟ್ಟು ನೋಡಿದೆ. ಒಂದು ಬದಿ ನಯವಾಗಿ ಗಾಜಿನ ಹಾಗೆ, ಇನ್ನೊಂದು ಬದಿ ಸುಟ್ಟ ಬ್ರೆಡ್ಡಿನ ಹಾಗೆ ತೂತು ತೂತು. ಕೈಯಲ್ಲೇ ಮುರಿಯಿತು, ಬೆರಳಿಗೆ ಅಂಟಿತು. ಇದೇ ಕ್ರಿಯೋಸೋಟ್. ಹೊಗೆ ತಣ್ಣಗಾದಾಗ ಅದರಲ್ಲಿರುವ ಸುಡದೇ ಉಳಿದ ಅಂಶ ಗೋಡೆಗೆ ಕೂತು ಹೀಗಾಗುತ್ತದೆ. ಹಸಿ ಸೌದೆ ಸುಟ್ಟರೆ ಹೊಗೆ ಬೇಗ ತಣ್ಣಗಾಗುತ್ತದೆ, ಇದು ಬೇಗ ಕಟ್ಟುತ್ತದೆ. ಸೌದೆಯ ತೇವ ಶೇಕಡಾ 20ಕ್ಕಿಂತ ಕಡಿಮೆ ಇರಬೇಕು ಅನ್ನುವುದು ಇದಕ್ಕೇ.

ಇದರ ಮುಂದಿನ ಹಂತದಲ್ಲಿ ಅದು ಕರಗಿದ ಟಾರಿನ ಹಾಗೆ ಗೋಡೆಗೆ ಗಟ್ಟಿಯಾಗಿ ಮೆತ್ತಿಕೊಳ್ಳುತ್ತದೆ. ಅದಕ್ಕೆ ಬ್ರಷ್ ನಾಟುವುದಿಲ್ಲ, ತಿರುಗುವ ಸರಪಳಿಯೋ ರಾಸಾಯನಿಕವೋ ಬೇಕು. ಪುಣ್ಯಕ್ಕೆ ನಮ್ಮಲ್ಲಿ ಅಷ್ಟು ಆಗಿರಲಿಲ್ಲ. 3 ಮಿಲಿಮೀಟರ್ ದಪ್ಪ ಆಯಿತು ಅಂದರೆ ತೆಗೆಸಲೇಬೇಕು. ನಮ್ಮಲ್ಲಿ ಕೆಲವು ಕಡೆ 5 ಇತ್ತು. ಅದಕ್ಕೆ ಒಮ್ಮೆ ಬೆಂಕಿ ಹತ್ತಿದರೆ ಒಳಗೆ 1000 ಡಿಗ್ರಿ ಸೆಲ್ಸಿಯಸ್ ಮೀರಬಹುದು. ಒಂದೂವರೆ ಬಕೆಟ್ ಬಂತು. ಡ್ಯಾಂಪರಿನ ಹಿಂದೆ ಒಂದು ಕಟ್ಟೆ ಇರುತ್ತದೆ, ಅಲ್ಲಿಂದಲೇ ಅರ್ಧ ಬಕೆಟ್: ಮಸಿ, ಹಕ್ಕಿ ಗೂಡಿನ ಕಡ್ಡಿ, ಅದರ ಜೊತೆ ಇಟ್ಟಿಗೆಯ ಕೆಂಪು ಪುಡಿ.

ಆ ಕೆಂಪು ಪುಡಿಯನ್ನು ಮೇಸ್ತ್ರಿ ಬೇರೆ ತೆಗೆದಿಟ್ಟರು.

ವಾರ 3, ಕ್ಯಾಮೆರಾ

ಕ್ಯಾಮೆರಾ ಮೇಲೇರುವಾಗ ನಾನು ಪರದೆ ಬಿಟ್ಟು ಕದಲಲಿಲ್ಲ. ಒಂಬತ್ತು ಅಡಿ ಎತ್ತರದಲ್ಲಿ ಎರಡು ಕೊಳವೆ ಸೇರುವ ಸಂದಿನ ಗಾರೆ ಪೂರ್ತಿ ಹೋಗಿದೆ. ಸಂದಿನಲ್ಲಿ ಕತ್ತಲು. ಅದರ ಹಿಂದೆ ಇಟ್ಟಿಗೆ, ಇಟ್ಟಿಗೆಯ ಆಚೆ ಅಟ್ಟದ ಮರ. ಹೊಗೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ, ಕಿಡಿ ಎಲ್ಲಕ್ಕೂ ಅದು ದಾರಿ. ನಾವು ಆ ಅಗ್ಗಿಷ್ಟಿಕೆಯ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಎಷ್ಟೋ ರಾತ್ರಿ ಕಳೆದಿದ್ದೇವೆ. ಅವತ್ತೇ ಸಂಜೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ತಂದು ಮಲಗುವ ಕೋಣೆಗಳ ಹತ್ತಿರ ಹಾಕಿದೆ.

ತುದಿಯಲ್ಲಿ ಇನ್ನೂ ಎರಡು ಸಂದು ಹಾಗೇ. ಅಲ್ಲಿಂದ ಕೆಳಗೆ ನೀರು ಇಳಿದ ಗುರುತು, ಮಸಿಯ ಮೇಲೆ ಬಿಳಿ ಗೆರೆ. ವಾಸನೆಯ ತೇವ ಎಲ್ಲಿಂದ ಅಂತ ಕೊನೆಗೂ ಸಿಕ್ಕಿತು.

ವಾರ 4

ಮಾಡಿನ ಮೇಲೆ ಹಲಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಾನೂ ಹತ್ತಿದೆ. ಒಬ್ಬರೇ ಹತ್ತುವ ಕೆಲಸ ಇದಲ್ಲ.

ಕಡಲ ಕಡೆಯ ಮುಖಕ್ಕೆ ಹಿಂದೆ ಯಾರೋ ನೀರು ತಡೆಯುವ ಬಣ್ಣ ಬಳಿದಿದ್ದಾರೆ. ಒಂದು ಕಡೆ ಅದು ಗುಳ್ಳೆಯಾಗಿ ಎದ್ದಿತ್ತು. ಉಗುರಲ್ಲಿ ಎತ್ತಿದೆ. ಬಣ್ಣದ ಜೊತೆ ಇಟ್ಟಿಗೆಯ ಮುಖವೂ ಬಿಸ್ಕತ್ತಿನ ಹಾಗೆ ಎದ್ದು ಬಂತು. ಹಿಂದೆ ಬಿಳಿ ಹರಳು, ಹಿಟ್ಟು ಉದುರಿಸಿದ ಹಾಗೆ. ನಾಲಿಗೆಗೆ ತಾಗಿಸಿದೆ. ಉಪ್ಪು.

ಇದು ಹೇಗಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಬರೆಯುತ್ತೇನೆ, ಉಳಿದ ಕೆಲಸವೆಲ್ಲ ಇದರ ಮೇಲೆ ನಿಂತಿದೆ. ಗಾಳಿಯಲ್ಲಿ ಬರುವ ಉಪ್ಪುನೀರಿನ ಹನಿಯನ್ನು ಇಟ್ಟಿಗೆ ಹೀರುತ್ತದೆ. ಗಾಳಿಯ ತೇವಾಂಶ ಸುಮಾರು ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರಾಗುತ್ತದೆ. ಅದಕ್ಕಿಂತ ಕೆಳಗಿಳಿದರೆ ಮತ್ತೆ ಹರಳು ಕಟ್ಟುತ್ತದೆ. ಕಡಲ ತೀರದಲ್ಲಿ ಈ ಗೆರೆಯನ್ನು ಗಾಳಿ ಒಂದೇ ದಿನದಲ್ಲಿ ದಾಟಿ ವಾಪಸ್ ಬರುವುದು ಮಾಮೂಲು. ರಾತ್ರಿ ನೀರು, ಮಧ್ಯಾಹ್ನ ಹರಳು. ಇಟ್ಟಿಗೆಯ ಸಣ್ಣ ರಂಧ್ರದೊಳಗೆ ಹರಳು ಬೆಳೆದಾಗ ಜಾಗ ಸಾಲದೆ ಗೋಡೆಯನ್ನು ತಳ್ಳುತ್ತದೆ. ಸಾವಿರ ಸಲ ತಳ್ಳಿದ ಮೇಲೆ ಇಟ್ಟಿಗೆಯ ಮುಖ ಕಳಚುತ್ತದೆ. ಮಳೆ ಬೀಳದಿದ್ದರೂ ಇದು ನಡೆಯುತ್ತಲೇ ಇರುತ್ತದೆ.

ಬಣ್ಣ ಬಳಿದರೆ ಏನಾಗುತ್ತದೆ? ಹೊರಗೆ ಬಂದು ಉದುರಬೇಕಿದ್ದ ಉಪ್ಪು ಬಣ್ಣದ ಹಿಂದೆ, ಇಟ್ಟಿಗೆಯೊಳಗೇ ಹರಳು ಕಟ್ಟುತ್ತದೆ. ಒಳ್ಳೆಯ ಮನಸ್ಸಿನಿಂದಲೇ ಬಳಿದಿರಬಹುದು. ಆದರೆ ಚಿಮಣಿಯ ಆ ಮುಖ ಹಾಳಾಗಿದ್ದು ಅದರಿಂದಲೇ.

ಎರಡನೆಯ ತಪ್ಪು ಸಂದುಗಳಲ್ಲಿ. ಮೂಲ ಕಟ್ಟಡ ಸುಣ್ಣದ ಗಾರೆಯದು. ಅದರ ಮೇಲೆ ಹಿಂದೊಮ್ಮೆ ಗಟ್ಟಿ ಸಿಮೆಂಟ್ ತುಂಬಿದ್ದಾರೆ. ಸುಣ್ಣದ ಗಾರೆ ಇಟ್ಟಿಗೆಗಿಂತ ಮೆದು. ತೇವ ಅದರ ಮೂಲಕ ಹೊರಗೆ ಹೋಗುತ್ತದೆ, ಸವೆದರೂ ಅದೇ ಸವೆಯುತ್ತದೆ. ಗಾರೆ ಮತ್ತೆ ತುಂಬಬಹುದು. ಸಿಮೆಂಟ್ ತುಂಬಿದರೆ ತೇವಕ್ಕೆ ಉಳಿಯುವ ದಾರಿ ಇಟ್ಟಿಗೆ ಮಾತ್ರ. ಆಗ ಸವೆಯುವುದು ಇಟ್ಟಿಗೆ. ನಮ್ಮ ಚಿಮಣಿಯಲ್ಲಿ ಸಿಮೆಂಟಿನ ಗೆರೆಗಳು ಮುಂದಕ್ಕೆ ಚಾಚಿ ನಿಂತಿದ್ದವು, ನಡುವಿನ ಇಟ್ಟಿಗೆ ಒಳಗೆ ಗುಳಿ ಬಿದ್ದಿತ್ತು. ಜೇನುಹಲ್ಲೆ ನೋಡಿದ ಹಾಗೆ.

ವಾರ 5 ಮತ್ತು 6

ಸಿಮೆಂಟ್ ಬಿಡಿಸುವ ಕೆಲಸ. ಮೇಸ್ತ್ರಿ ಗ್ರೈಂಡರ್ ಮುಟ್ಟಲು ಬಿಡಲಿಲ್ಲ. ಚಕ್ರ ಒಂದು ಕ್ಷಣ ಜಾರಿದರೆ ಹಳೆ ಇಟ್ಟಿಗೆಯ ಅಂಚು ಹೋಯಿತು. ಉಳಿ, ಸುತ್ತಿಗೆ, ತಾಳ್ಮೆ. ಸಂದಿನ ಅಗಲದ ಎರಡರಷ್ಟಾದರೂ ಆಳಕ್ಕೆ ಬಿಡಿಸಬೇಕು. ನಮಗೆ ಅದು ಸುಮಾರು 25 ಮಿಲಿಮೀಟರ್. ಮೊದಲ ದಿನ ನಾನು ಎರಡು ಸಾಲು ಮುಗಿಸಿದೆ, ಹುಡುಗ ಏಳು.

ಬಿಡಿಸಿದ ಮೇಲೆ ಉಪ್ಪು ತೆಗೆಯಲು ಪೇಪರ್ ತಿರುಳಿನ ಪಟ್ಟು ಹಾಕಿದೆವು. ಉಪ್ಪಿಲ್ಲದ ಶುದ್ಧ ನೀರಲ್ಲಿ ನೆನೆಸಿದ ತಿರುಳನ್ನು ಗೋಡೆಗೆ ಒತ್ತಿ ಬಿಡುವುದು. ನೀರು ಇಟ್ಟಿಗೆಯೊಳಗೆ ಹೋಗಿ ಉಪ್ಪನ್ನು ಕರಗಿಸುತ್ತದೆ. ಒಣಗುವಾಗ ಉಪ್ಪು ತಿರುಳಿಗೆ ಬರುತ್ತದೆ. ಪೂರ್ತಿ ಒಣಗಿದ ಮೇಲೆ ತಿರುಳು ಹಪ್ಪಳದ ಹಾಗೆ ಎದ್ದು ಬಂತು. ಬಿಸಿಲಿಗೆ ಹಿಡಿದರೆ ಮಿಣಮಿಣ. ಮೂರು ಸಲ ಹಾಕಿದೆವು. ಮೂರನೆಯದರಲ್ಲಿ ಮಿಣುಕು ಬಹಳ ಕಡಿಮೆ.

ವಾರ 7

ಸುಣ್ಣದ ಗಾರೆ ತುಂಬಿದೆವು. ಇಟ್ಟಿಗೆಗೆ ಮೊದಲು ನೀರು ಚಿಮುಕಿಸಬೇಕು, ಇಲ್ಲದಿದ್ದರೆ ಗಾರೆಯ ನೀರನ್ನೆಲ್ಲ ಅದು ಕುಡಿದುಬಿಡುತ್ತದೆ. ಆಮೇಲೆ ಒದ್ದೆ ಗೋಣಿ ಹೊದಿಸಿ ಬಿಸಿಲು, ಗಾಳಿಯಿಂದ ಮರೆ ಮಾಡಬೇಕು. ಒಂದು ವಾರ ದಿನಕ್ಕೆ ಮೂರು ಸಲ ಹತ್ತಿ ಗೋಣಿ ನೆನೆಸಿದೆ. ಗಡಿಬಿಡಿಯಲ್ಲಿ ಒಣಗಿದ ಸುಣ್ಣ ಪುಡಿಯಾಗುತ್ತದೆ.

ಮುಖ ಕಳಚಿದ ಹನ್ನೆರಡು ಇಟ್ಟಿಗೆ ಬದಲಾಯಿಸಿದೆವು.

ವಾರ 8

ಒಳಗಿನ ಸಂದು ಮುಚ್ಚಿದ ರೀತಿ ನೋಡಲು ಬಹಳ ಖುಷಿಯಾಯಿತು. ಕೊಳವೆಯ ಅಳತೆಗೇ ಕತ್ತರಿಸಿದ ಫೋಮಿನ ಬಿರಡೆ. ಅದಕ್ಕೆ ಹಗ್ಗ. ಬಿರಡೆಯ ಮೇಲೆ, ಬೆಂಕಿಯ ಕಾವು ತಡೆಯುವ ಸೆರಾಮಿಕ್ ಗಾರೆ ಸುರಿದು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎಳೆಯುತ್ತಾರೆ. ಹೋಗುವ ದಾರಿಯಲ್ಲಿ ಗಾರೆ ಸಂದಿಗೆ ತುಂಬಿಕೊಳ್ಳುತ್ತದೆ, ಬಿರಡೆ ಅದನ್ನು ನಯ ಮಾಡುತ್ತಾ ಹೋಗುತ್ತದೆ. ಕ್ಯಾಮೆರಾ ಮತ್ತೆ ಬಿಟ್ಟರು. ಒಂಬತ್ತು ಅಡಿಯ ಕತ್ತಲು ಇದ್ದ ಜಾಗದಲ್ಲಿ ಈಗ ಬೂದು ಬಣ್ಣದ ಉಂಗುರ.

ವಾರ 9

ತಲೆಯ ಭಾಗ. ಚಿಮಣಿಯ ತುದಿ ಮುಚ್ಚುವ ಕ್ರೌನ್ ಹಿಂದೆ ತೆಳು ಗಾರೆಯದು, ಅಂಚಿಗೆ ಸಮವಾಗಿ ನಿಂತಿತ್ತು. ಬಿರುಕು ಬಿಟ್ಟು ನೀರೆಲ್ಲ ಒಳಗೆ. ಹೊಸದನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ದು, ಸುತ್ತ 2 ಇಂಚು ಮುಂದೆ ಚಾಚಿಸಿದೆವು. ಚಾಚಿದ ಭಾಗದ ಅಡಿಗೆ ಒಂದು ಸಣ್ಣ ಕಾಲುವೆ ತೋಡಿದೆ. ಹನಿ ಅಲ್ಲೇ ಉದುರಬೇಕು, ಇಟ್ಟಿಗೆ ಮೇಲೆ ಹರಿಯಬಾರದು.

ಚಿಮಣಿ ಮತ್ತು ಮಾಡು ಸೇರುವ ಕಡೆಯ ತಗಡು ಅಲ್ಯೂಮಿನಿಯಂ, ಅದಕ್ಕೆ ಹೊಡೆದಿದ್ದು ಸ್ಟೀಲ್ ಸ್ಕ್ರೂ. ಎರಡು ಬೇರೆ ಲೋಹ, ನಡುವೆ ಉಪ್ಪುನೀರು: ಬ್ಯಾಟರಿಯ ಹಾಗೆ ಕೆಲಸ ಮಾಡಿ ಒಂದನ್ನು ತಿಂದು ಹಾಕುತ್ತದೆ. ಸ್ಕ್ರೂ ಸುತ್ತ ತಗಡು ಜರಡಿಯಾಗಿತ್ತು. ಈಗ ತಾಮ್ರದ ತಗಡು, ತಾಮ್ರದ್ದೇ ಮೊಳೆ. ಮೇಲಿನ ಕ್ಯಾಪಿಗೆ 316 ದರ್ಜೆಯ ಸ್ಟೀಲ್ ಹಾಕಿಸಿದೆ. ಸಾಮಾನ್ಯವಾಗಿ ಸಿಗುವ 304 ದರ್ಜೆಯ ಸ್ಟೀಲಿನಲ್ಲಿ ಇಲ್ಲದ ಮಾಲಿಬ್ಡಿನಮ್ ಇದರಲ್ಲಿ ಶೇಕಡಾ 2ರಿಂದ 3 ಇರುತ್ತದೆ, ಉಪ್ಪಿಗೆ ಅದೇ ತಡೆ. ಬೆಲೆ ಜಾಸ್ತಿ. ಆದರೆ ಮಾಮೂಲಿ ಸತು ಲೇಪದ ಕ್ಯಾಪ್ ಇಲ್ಲಿ ಎಷ್ಟು ದಿನ ಬಾಳಿತು ಅನ್ನುವುದಕ್ಕೆ ಹಳೆಯದರ ಚೂರು ನನ್ನ ಕೈಯಲ್ಲೇ ಇತ್ತು.

ಒಂದು ಅಭ್ಯಾಸ ನಾನೂ ಬಿಟ್ಟೆ. ದಡಕ್ಕೆ ತೇಲಿ ಬಂದ ಮರವನ್ನು ಆರಿಸಿ ತಂದು ಒಣಗಿಸಿ ಸುಡುತ್ತಿದ್ದೆವು. ಉರಿಯಲ್ಲಿ ನೀಲಿ, ಹಸಿರು ಬಣ್ಣ ಬರುತ್ತದೆ, ಮಕ್ಕಳಿಗೆ ಇಷ್ಟ. ಆದರೆ ಮರದೊಳಗಿನ ಉಪ್ಪು ಸುಟ್ಟಾಗ ಬರುವ ಕ್ಲೋರಿನ್ ಅಂಶ ಲೋಹವನ್ನು ಕೊರೆಯುತ್ತದೆ, 316ನ್ನೂ ಬಿಡುವುದಿಲ್ಲ. ವಿಷಕಾರಿ ಡಯಾಕ್ಸಿನ್ ಕೂಡ ಹುಟ್ಟುತ್ತದೆ. ಹೊರಗೆ ಹೋರಾಡಿ ತೆಗೆದ ಉಪ್ಪನ್ನು ಒಳಗಿನಿಂದ ನಾವೇ ಹಾಕುವುದು ಬೇಡ. ಮಕ್ಕಳಿಗೂ ತಿಳಿಸಿ ಹೇಳಿದೆ.

ವಾರ 11

ಗಾರೆಗೂ ಕ್ರೌನಿಗೂ ಸಾಕಷ್ಟು ದಿನ ಕೊಟ್ಟ ಮೇಲೆ ನಿನ್ನೆ ಮೊದಲ ಬೆಂಕಿ. ಒಣ ಕಡ್ಡಿ, ಎರಡು ಸಣ್ಣ ಸೀಳು, ಅಷ್ಟೇ. ಹೊಸ ಡ್ಯಾಂಪರ್ ಒಂದೇ ಬೆರಳಿಗೆ ತೆರೆಯಿತು. ಮೊದಲು ಒಂದು ಕಾಗದ ಹಚ್ಚಿ ಚಿಮಣಿಯೊಳಗೆ ಹಿಡಿದು ಗಾಳಿಯನ್ನು ಬಿಸಿ ಮಾಡಿದೆ. ಹೊಗೆ ಒಂದು ಸಲ ಸುತ್ತಿ ನೆಟ್ಟಗೆ ಮೇಲೆ ಹೋಯಿತು. ಹೆಂಡತಿ ಅಟ್ಟದಲ್ಲಿ ನಿಂತಿದ್ದಳು. "ಇಲ್ಲಿ ಏನೂ ವಾಸನೆ ಇಲ್ಲ" ಅಂತ ಕೂಗಿದಳು.

ಇವತ್ತು ಬೆಳಿಗ್ಗೆ ಮೋಡ. ಹಜಾರದಲ್ಲಿ ಕೂತು ಉಸಿರೆಳೆದು ನೋಡಿದೆ. ಬರೀ ಸೌದೆಯ ಬೂದಿಯ ವಾಸನೆ.

ಆಮೇಲೆ ಏಣಿ ಹಾಕಿ ಕಡಲ ಕಡೆಯ ಮುಖ ಸವರಿದೆ. ಮೇಲಿನಿಂದ ನಾಲ್ಕನೇ ಸಾಲಿನಲ್ಲಿ, ಎಡಗಡೆಯ ಎರಡು ಹಳೆ ಇಟ್ಟಿಗೆ ಮೇಲೆ ಸ್ವಲ್ಪ ಬಿಳಿ ಇದೆ. ಒಣ ಬ್ರಷ್ಷಲ್ಲಿ ಉದುರಿಸಿ, ತಾರೀಕು ಹಾಕಿ ಫೋಟೋ ತೆಗೆದಿಟ್ಟೆ. ಮುಂದಿನ ತಿಂಗಳು ಅದೇ ಎರಡು ಇಟ್ಟಿಗೆ ಮತ್ತೆ ನೋಡಬೇಕು. ಜಾಸ್ತಿ ಆಗಿದ್ದರೆ ಅಲ್ಲಿಗೆ ಮಾತ್ರ ಇನ್ನೊಂದು ಪಟ್ಟು.