ಟಕ್ ಅಂದರೆ ಸಾಕಾ?

ನಮ್ಮ ಮನೆ ಚಿಕ್ಕಮಗಳೂರು ಕಡೆಯ ಆಲ್ದೂರಿನ ಹತ್ತಿರ. ತೋಟದ ಬಾವಿಯಿಂದ ಟ್ಯಾಂಕಿಗೆ ನೀರೆತ್ತಲು ಒಂದು ಎಚ್‌ಪಿ ಮೋಟಾರ್ ಇದೆ. ಆನ್ ಮಾಡಿದವರು ಮರೆಯುತ್ತಾರೆ, ಹಿತ್ತಿಲಲ್ಲಿ ನೀರು ಸುರಿದಾಗ ಅಮ್ಮ ಕೂಗುತ್ತಾರೆ, ನಾನು ಓಡುತ್ತೇನೆ. ಮಾರ್ಚ್‌ನಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಾರದೆ ಬಾವಿ ತಳ ಕಾಣುವಾಗ ಹೀಗಾದರೆ ಅಪ್ಪನ ಸಿಟ್ಟು ಕೇಳಬೇಡಿ.

ಅದಕ್ಕೇ ಪ್ರೋಗ್ರಾಮ್ ಬರೆದು ನಡೆಸುವ ಪುಟ್ಟ ಬೋರ್ಡ್ ಆರ್ಡುಯಿನೊ, ನೀರು ತುಂಬಿದ್ದನ್ನು ತೇಲಿ ತಿಳಿಸುವ ಫ್ಲೋಟ್ ಸ್ವಿಚ್, ಸಣ್ಣ ಕರೆಂಟ್ ಕೊಟ್ಟರೆ ಟಕ್ ಎಂದು ದೊಡ್ಡ ಕರೆಂಟ್ ಆನ್-ಆಫ್ ಮಾಡುವ ಒಂದು ನೀಲಿ ರಿಲೇ ತಂದೆ. ರಿಲೇ ಒಳಗಿನ ತಂತಿಸುರುಳಿ, ಅಂದರೆ ಕಾಯಿಲನ್ನು ನೇರವಾಗಿ ಬೋರ್ಡಿನ ಎಂಟನೇ ಪಿನ್ನಿಗೇ ಕೊಟ್ಟೆ. ಟಕ್ ಅನ್ನಲೇ ಇಲ್ಲ. ಆಮೇಲೆ ಲೆಕ್ಕ ಹಾಕಿದೆ: ಕಾಯಿಲ್ ಸುಮಾರು 70 ಓಮ್, 5 ವೋಲ್ಟಿಗೆ 70 ಮಿಲಿ ಆಂಪಿಯರ್ ಎಳೆಯುತ್ತದೆ. ಒಂದು ಪಿನ್ 20 ಮಿಲಿ ಆಂಪಿಯರ್ ಕೊಟ್ಟರೆ ಆರಾಮ, 40 ದಾಟಲೇಬಾರದು. ಆ ಎಂಟನೇ ಪಿನ್ ಇವತ್ತಿಗೂ ಸತ್ತೇ ಇದೆ.

ಮಧ್ಯೆ ಬಿಸಿ547 ಟ್ರಾನ್ಸಿಸ್ಟರ್ ಕೂರಿಸಿದೆ. ಅದರ ಬೇಸ್ ಎಂಬ ಕಾಲಿಗೆ ಸ್ವಲ್ಪ ಕರೆಂಟ್ ಕೊಟ್ಟರೆ ಉಳಿದೆರಡು ಕಾಲುಗಳ ನಡುವೆ ಹೆಚ್ಚು ಕರೆಂಟ್ ಬಿಡುತ್ತದೆ. ಬೇರೊಂದು ಪಿನ್ನಿಂದ 1 ಕಿಲೋ ಓಮ್ ರೆಸಿಸ್ಟರ್ ದಾಟಿ ಬೇಸಿಗೆ ನಾಲ್ಕು ಮಿಲಿ ಆಂಪಿಯರ್ ಹೋದರೆ ಸಾಕು, ಕಾಯಿಲಿನ ಭಾರ ಟ್ರಾನ್ಸಿಸ್ಟರ್ ಹೊರುತ್ತದೆ. ಟಕ್! ಆದರೆ ಆಫ್ ಮಾಡಿದಾಗಲೆಲ್ಲ ಬೋರ್ಡ್ ತಾನೇ ರೀಸೆಟ್ ಆಗುತ್ತಿತ್ತು, ಮೂರನೇ ದಿನ ಟ್ರಾನ್ಸಿಸ್ಟರ್ ಹೋಯಿತು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಹಾಕಿರಲಿಲ್ಲ, ನನ್ನದೇ ಸೋಮಾರಿತನ. ಕರೆಂಟ್ ತಟ್ಟನೆ ನಿಂತರೆ ಕಾಯಿಲ್ ಸುಮ್ನೆ ಇರುವುದಿಲ್ಲ, ಜೋರಾಗಿ ವೋಲ್ಟೇಜ್ ಚಿಮ್ಮಿಸುತ್ತದೆ. 1ಎನ್4007 ಡಯೋಡನ್ನು ಕಾಯಿಲಿಗೆ ಅಡ್ಡಲಾಗಿ, ಬಿಳಿ ಪಟ್ಟೆ 5 ವೋಲ್ಟಿನ ಕಡೆಗೆ ಇಟ್ಟು ಬೆಸುಗೆ ಹಾಕಿದೆ, ಚಿಮ್ಮಿದ್ದು ಈಗ ಅದರೊಳಗೇ ಸುತ್ತಿ ಇಂಗುತ್ತದೆ. ಪಿನ್ ಸುಮ್ಮನಿದ್ದಾಗ ಟ್ರಾನ್ಸಿಸ್ಟರ್ ಆಫ್ ಆಗಿಯೇ ಇರಲಿ ಅಂತ ಬೇಸಿನಿಂದ ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್ ಕೂಡ. ನಮ್ಮೂರಲ್ಲಿ ಕರೆಂಟ್ ದಿನಕ್ಕೆ ಹತ್ತು ಸಲ ಹೋಗಿ ಬರುತ್ತದೆ, ಬೋರ್ಡ್ ಏಳುವ ಹೊತ್ತಲ್ಲಿ ಮೋಟಾರ್ ಸುಮ್‌ಸುಮ್ನೆ ಶುರುವಾಗಬಾರದಲ್ವಾ.

ಎರಡು ವಾರ ಅಪ್ಪ ಹೊಗಳಿದರು. ಒಂದು ರಾತ್ರಿ ಮತ್ತೆ ಹಿತ್ತಿಲಲ್ಲಿ ನೀರಿನ ಸದ್ದು. ಹೋಗಿ ನೋಡಿದರೆ ರಿಲೇ ಆನ್ ಇದ್ದರೆ ಉರಿಯುವ ಎಲ್ಇಡಿ ಆರಿದೆ, ಮೋಟಾರ್ ಓಡುತ್ತಲೇ ಇದೆ! ಎಂಸಿಬಿ ಇಳಿಸಿ ರಿಲೇ ಬಿಚ್ಚಿ ನೋಡಿದೆ. ಒಳಗೆ ಕರೆಂಟ್ ದಾಟಿಸುವ ಲೋಹದ ತುದಿಗಳು, ಕಾಂಟ್ಯಾಕ್ಟ್‌ಗಳು, ಕರಗಿ ಒಂದಕ್ಕೊಂದು ಅಂಟಿದ್ದವು, ಅಂಚಲ್ಲಿ ಸಾಸಿವೆಯಷ್ಟು ಕಪ್ಪು ಗಂಟು. ಮೇಲೆ 10 ಆಂಪಿಯರ್ ಅಂತ ಬರೆದಿತ್ತು, ಮೋಟಾರ್ ಓಡುವಾಗ ಎಳೆಯುವುದು ಅದಕ್ಕಿಂತ ಕಡಿಮೆಯೇ. ಆದರೆ ಶುರುವಾಗುವ ಆ ಒಂದು ಕ್ಷಣ ಓಡುವಾಗಿನದರ ಐದಾರು ಪಟ್ಟು ಎಳೆಯುತ್ತದೆ. ಅದನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ.

ಎಲೆಕ್ಟ್ರಿಷಿಯನ್ ಹುಡುಗ ಬಂದು ರಿಲೇ ನೋಡಿ ನಕ್ಕ. ‘ಅಣ್ಣಾ, ಈ ಬೆಂಕಿಪೊಟ್ಟಣಕ್ಕೆ ಮೋಟಾರ್ ಕಟ್ಟಿದ್ರಾ?’ ಅವನೇ ಮೋಟಾರಿನ ಭಾರ ತಡೆಯುವ ದೊಡ್ಡ ರಿಲೇ, ಅಂದರೆ ಕಾಂಟ್ಯಾಕ್ಟರ್ ಕೂರಿಸಿ ವೈರಿಂಗ್ ಮಾಡಿಕೊಟ್ಟ. ಈಗ ನನ್ನ ಹೊಸ ರಿಲೇ ಕಾಂಟ್ಯಾಕ್ಟರಿನ ಕಾಯಿಲನ್ನಷ್ಟೇ ಎಬ್ಬಿಸುತ್ತದೆ, ಮೋಟಾರಿನ ಗೊಡವೆ ಅದಕ್ಕಿಲ್ಲ.

ಒಂದೇ ತೊಂದರೆ. ಕಾಂಟ್ಯಾಕ್ಟರ್ ಟಕ್ ಅನ್ನಲ್ಲ, ಧಡ್ ಅನ್ನುತ್ತದೆ. ಬೋರ್ಡ್ ಇರುವುದು ಅಮ್ಮನ ಕೋಣೆಯ ಗೋಡೆಯ ಆಚೆಗೆ. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮೋಟಾರ್ ಮುಟ್ಟಬೇಡ ಅಂತ ಪ್ರೋಗ್ರಾಮಿನಲ್ಲಿ ನಿನ್ನೆ ಒಂದು ಸಾಲು ಸೇರಿಸಿದೆ.