ಕೊಪ್ಪಳ ಎರಡು ದಿನ, ಮಕ್ಕಳ ಜೊತೆ: ನಾಲ್ಕನೇ ಕರಡು ಕೊನೆಗೂ ನಿಂತಿತು

ಮೂರು ಕರಡು ಕೆಟ್ಟ ಮೇಲೆ ಕೊಪ್ಪಳದ ಯೋಜನೆ ಒಂದು ಹದಕ್ಕೆ ಬಂದಿದೆ. ಲೆಕ್ಕ ಹಾಕಿದ್ದು ಇಬ್ಬರು ದೊಡ್ಡವರು, ಆರು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳಿಗೆ. ಎರಡು ಹಗಲು, ಒಂದು ರಾತ್ರಿ, ಫೆಬ್ರವರಿ ಕೊನೆಯ ವಾರ. ರೈಲು, ರೂಮು, ಬ್ಯಾಗಿನ ಪಟ್ಟಿ ನಿಮಗೆಲ್ಲ ಗೊತ್ತಿದ್ದದ್ದೇ, ಬಿಡುತ್ತೇನೆ. ಇಷ್ಟು ದಿನ ತಲೆ ತಿಂದಿದ್ದು ಒಂದೇ ವಿಷಯ: ಬರಿಗಾಲು.

ಮೊದಲ ಮೂರು ಕರಡುಗಳಲ್ಲೂ ಜಾಗಗಳನ್ನು ದೂರದ ಲೆಕ್ಕದಲ್ಲಿ ಜೋಡಿಸಲಾಗಿತ್ತು. ಊರೊಳಗಿನ ಗವಿಮಠ, ಕೋಟೆ ಒಂದು ದಿನ. ಹೊರಗಿನ ಕಿನ್ನಾಳ, ಕುಕನೂರು, ಇಟಗಿ ಇನ್ನೊಂದು ದಿನ. ನಕ್ಷೆಯ ಮೇಲೆ ಗೆರೆ ಎಳೆದರೆ ಬಹಳ ಚೆಂದ. ಆದರೆ ಹಾಗೆ ಹೋದರೆ ಇಟಗಿ ಮಹಾದೇವ ದೇವಾಲಯಕ್ಕೆ ಮುಟ್ಟುವುದು ಸಂಜೆ ನಾಲ್ಕೂವರೆಗೆ. ಅಷ್ಟೊತ್ತಿಗೆ ಬಿಸಿಲು ಇಳಿದಿರುತ್ತದೆ, ಕಲ್ಲಿನ ಕಾವು ಇಳಿದಿರುವುದಿಲ್ಲ. ಚಪ್ಪಲಿ ಬಿಟ್ಟು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಸಣ್ಣದು ಎತ್ತಿಕೋ ಅನ್ನುತ್ತದೆ, ದೊಡ್ಡದು ಜಿಗಿಯುತ್ತ ನೆರಳಿಗೆ ಓಡುತ್ತದೆ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ, ಶಾಸನವೇ 'ದೇವಾಲಯ ಚಕ್ರವರ್ತಿ' ಎಂದು ಕರೆದ ಗುಡಿಯನ್ನು ಐದು ನಿಮಿಷದಲ್ಲಿ ಮುಗಿಸಿ ಬರುವುದೆಂದರೆ ಹೊಟ್ಟೆ ಉರಿಯುತ್ತದೆ.

ಕಾರಣ ಸರಳ, ಹೊಳೆಯುವುದು ಮಾತ್ರ ತಡ. ಕಲ್ಲು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಗಾಳಿ ತಂಪಾದ ಮೇಲೂ ನೆಲ ಬಿಸಿಯಾಗಿಯೇ ಉಳಿಯುತ್ತದೆ. ಇಟಗಿಯ ಬಳಪದ ಕಲ್ಲು ಕಪ್ಪು ಬಣ್ಣದ್ದು, ಬಿಸಿಲನ್ನು ಹೆಚ್ಚು ಹೀರುತ್ತದೆ. ಮಕ್ಕಳ ಅಂಗಾಲಿನ ಚರ್ಮ ನಮ್ಮದಕ್ಕಿಂತ ತೆಳು. ಮುಖವೂ ನೆಲಕ್ಕೆ ಹತ್ತಿರ ಇರುವುದರಿಂದ ಝಳ ನೇರ ಬಡಿಯುತ್ತದೆ. ನಮಗೆ 'ಬೆಚ್ಚಗಿದೆ' ಅನ್ನಿಸಿದ್ದು ಅವರಿಗೆ ಸುಡುತ್ತದೆ. ಹಟ ಅಂತ ಬೈಯಬೇಡಿ. ಮೊದಲು ಅಂಗೈ ಹಿಂಭಾಗವನ್ನು ಕಲ್ಲಿಗೆ ಒತ್ತಿ ಐದು ಎಣಿಸಿ. ಐದರವರೆಗೆ ತಾಳದಿದ್ದರೆ ಮಕ್ಕಳನ್ನು ಇಳಿಸಲೇಬೇಡಿ.

ಮದ್ದುಗಳನ್ನೂ ಒಂದೊಂದಾಗಿ ನೋಡಿದ್ದಾಯಿತು. ನೀರು ಚೆಲ್ಲಿದರೆ ಎರಡು ನಿಮಿಷದ ತಂಪು, ಆಮೇಲೆ ಮತ್ತೆ ಅದೇ. ಸಾಕ್ಸ್ ಒದ್ದೆ ಮಾಡುವುದು ಇನ್ನೂ ಕೆಟ್ಟದ್ದು: ನೀರು ಕಾವನ್ನು ಬೇಗ ಪಾದಕ್ಕೆ ದಾಟಿಸುತ್ತದೆ, ಮೇಲೆ ಕಾಲೂ ಜಾರುತ್ತದೆ. ಒಣ ಹತ್ತಿ ಸಾಕ್ಸ್, ಒಂದರ ಮೇಲೊಂದು ಎರಡು ಜೊತೆ, ಇದು ಕೆಲಸ ಮಾಡುತ್ತದೆ. ಆದರೆ ಅಂಗಡಿಯಲ್ಲಿ 'ಪ್ಯೂರ್ ಕಾಟನ್' ಎಂದು ಕೊಟ್ಟ ಮಕ್ಕಳ ಸಾಕ್ಸ್ ಮನೆಗೆ ಬಂದು ಚೀಟಿ ನೋಡಿದರೆ ಮುಕ್ಕಾಲು ಪಾಲಿಯೆಸ್ಟರ್! ನುಣುಪು ಕಲ್ಲಿನ ಮೇಲೆ ಅದು ಎಣ್ಣೆ ಹಚ್ಚಿದಂತೆ ಜಾರುತ್ತದೆ. ಕೊಳ್ಳುವಾಗಲೇ ಚೀಟಿ ಓದಿ.

ಸಾಕ್ಸ್ ಬರೀ ಊರುಗೋಲು. ನಿಜವಾದ ಗಂಟು ಬಿಚ್ಚಿದ್ದು ಪಟ್ಟಿಯನ್ನು ಬೇರೆ ರೀತಿ ಸೀಳಿದಾಗ. ದೂರ ಪಕ್ಕಕ್ಕಿಟ್ಟು ಪ್ರತಿ ಜಾಗಕ್ಕೂ ಎರಡೇ ಪ್ರಶ್ನೆ: ಚಪ್ಪಲಿ ಬಿಡಬೇಕೋ ಬೇಡವೋ? ನೆಲ ಬಯಲಲ್ಲಿದೆಯೋ ಸೂರಿನಡಿ ಇದೆಯೋ? ಚಪ್ಪಲಿ ಬಿಡಬೇಕಾದ ಬಯಲು ಕಲ್ಲು ಬೆಳಿಗ್ಗೆ ಎಂಟೂವರೆಯೊಳಗೆ. ಸೂರಿನಡಿಯದ್ದು ಎಂಟೂವರೆಯಿಂದ ಹನ್ನೊಂದು. ಚಪ್ಪಲಿ ಹಾಕಿಕೊಂಡೇ ಓಡಾಡುವಂಥದ್ದು ಸಂಜೆ ನಾಲ್ಕೂಮುಕ್ಕಾಲರ ಮೇಲೆ. ನಡುವೆ ಊಟ, ನಿದ್ದೆ, ಮತ್ತೇನೂ ಇಲ್ಲ.

ಹೀಗೆ ಹಾಕಿದ ಕೂಡಲೇ ಎಲ್ಲ ತಾನಾಗಿ ಕೂತಿತು. ಮೊದಲ ದಿನ 6.15ಕ್ಕೆ ಗವಿಮಠ. ಬೆಟ್ಟದ ಬಂಡೆಯ ಮೇಲಿನ ಅಶೋಕನ ಶಾಸನ ನೋಡಲು ಮನೆಯಲ್ಲೇ ಎರಡು ಬ್ರಾಹ್ಮಿ ಅಕ್ಷರ ಕಲಿಸಿಕೊಂಡು ಹೋಗಿ: 'ಕ' ಕೂಡಿಸುವ ಚಿಹ್ನೆಯಂತೆ, 'ಗ' ಗುಡಿಸಲ ಸೂರಿನಂತೆ. ಬರೀ 'ನೋಡು, ಶಾಸನ' ಅಂದರೆ ಮಗು ಅರ್ಧ ನಿಮಿಷ ನಿಲ್ಲುವುದಿಲ್ಲ. ಅಕ್ಷರ ಹುಡುಕು ಅಂದರೆ ಕರೆದರೂ ಬರುವುದಿಲ್ಲ. ಎಂಟಕ್ಕೆ ನಾಷ್ಟಾ: ಮಂಡಕ್ಕಿ ಒಗ್ಗರಣಿ, ಮೇಲೆ ಪುಟಾಣಿ ಹಿಟ್ಟು. ಮಿರ್ಚಿ ದೊಡ್ಡವರ ತಟ್ಟೆಗೆ. ಮಕ್ಕಳದಕ್ಕೆ ಹಸಿಮೆಣಸಿನಕಾಯಿ ಆರಿಸಿ ತೆಗೆದರೂ ಖಾರ ಎಣ್ಣೆಯಲ್ಲಿ ಇಳಿದಿರುತ್ತದೆ. ಅವರಿಗೆ ಇಡ್ಲಿಯೇ ಸರಿ.

ಒಂಬತ್ತಕ್ಕೆ ಕಿನ್ನಾಳ. ಬೊಂಬೆ ಮಾಡುವ ಚಿತ್ರಗಾರರ ಮನೆ, ಸೂರಿನಡಿ, ತಣ್ಣನೆ ನೆಲ. ಹಗುರ ಮರದ ತುಂಡುಗಳನ್ನು ಕೂಡಿಸುವ 'ಕಿಟ್ಟ' ಹೇಗಾಗುತ್ತದೆ ಎಂದು ಮಕ್ಕಳು ಕೇಳಲಿ: ಸೆಣಬಿನ ಪುಡಿ, ಮರದ ಹೊಟ್ಟು, ಹುಣಸೆಬೀಜದ ಅಂಟು. ಹಿಂದಿನ ದಿನವೇ ಹೇಳಿಟ್ಟು ಹೋಗಿ, ಇದು ಪ್ರದರ್ಶನ ಮಳಿಗೆಯಲ್ಲ, ಅವರ ದುಡಿಮೆಯ ಜಾಗ. ಚೌಕಾಸಿ ಮಾಡಬೇಡಿ. ಬೊಂಬೆ ತರಲು ಬಿಗಿ ಮುಚ್ಚಳದ ಡಬ್ಬಿ, ಎರಡು ಹಳೆ ಹತ್ತಿ ಪಂಚೆ. ಪತ್ರಿಕೆ ಕಾಗದ ಸುತ್ತಿದರೆ ಮಸಿ ಬಣ್ಣಕ್ಕೆ ಹತ್ತುತ್ತದೆ.

ಖಾನಾವಳಿಗೆ 12.15ಕ್ಕೇ ಹೋಗಿ. ಒಂದು ಗಂಟೆ ದಾಟಿದರೆ ಗದ್ದಲ, ಬಿಸಿ ರೊಟ್ಟಿ ಸರದಿಗೆ ಕಾಯಬೇಕು, ಹಸಿದ ಮಕ್ಕಳಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಮಕ್ಕಳಿಗೆ ಕಟಕ ರೊಟ್ಟಿ ಬೇಡ, 'ಬಿಸಿ ರೊಟ್ಟಿ' ಅಂತಲೇ ಕೇಳಿ. ಹೆಸರುಕಾಳು ಪಲ್ಯ, ಗಟ್ಟಿ ಮೊಸರು, ಶೇಂಗಾ ಹಿಂಡಿ ಚಿಟಿಕೆ. ಎಣ್ಣೆಗಾಯಿ ನಮಗೆ. ಬೆಳಗಿನಿಂದ ಊಟದವರೆಗೆ ನಾಲ್ಕು ಮಂದಿಗೆ ಆರು ಲೀಟರ್ ನೀರು ಇಟ್ಟುಕೊಳ್ಳಿ. ಮನೆಯಿಂದ ಒಂದು ಫ್ಲಾಸ್ಕ್ ಮಜ್ಜಿಗೆ ಬೇರೆ.

ಸಂಜೆ ಮುನಿರಾಬಾದ್, ತುಂಗಭದ್ರಾ ಅಣೆಕಟ್ಟೆ. 33 ಗೇಟು ಎಣಿಸುವುದು ಸಣ್ಣದರ ಕೆಲಸ. ಬೇಸಿಗೆಯಲ್ಲಿ ನೀರು ಹಿಂದಕ್ಕೆ ಸರಿದಿರುತ್ತದೆ, ಧುಮ್ಮಿಕ್ಕುವ ದೃಶ್ಯದ ಆಸೆ ತೋರಿಸಿ ಕರೆದೊಯ್ಯಬೇಡಿ.

ಎರಡನೇ ದಿನ 6.30ಕ್ಕೆ ಹೊರಟು ಇಟಗಿ. ತಣ್ಣನೆ ಕಲ್ಲಿನ ಮೇಲೆ ಒಂದು ತಾಸು! ಕಂಬಗಳಿಗೆ ಕೈಯಾಡಿಸಿ ಯಾವುದು ದುಂಡು, ಯಾವುದು ಮೂಲೆ ಮೂಲೆ ಎಂದು ಆರಿಸುವ ಆಟ ಸಾಕು. ಅಲ್ಲಿಂದ ಕುಕನೂರಿನ ನವಲಿಂಗ ಗುಡಿ, ಒಂಬತ್ತು ಲಿಂಗ ಹುಡುಕುವುದು. ಮಧ್ಯಾಹ್ನ ಮತ್ತೆ ರೂಮು. ಸಂಜೆ ಬೂಟು ಹಾಕಿಕೊಂಡು ಕೊಪ್ಪಳ ಕೋಟೆ. ಸುತ್ತಲ ಬಂಡೆ ಕಾವು ಉಗುಳುತ್ತಿದ್ದರೂ ಕಾಲಿಗೆ ತಟ್ಟುವುದಿಲ್ಲ. ಕತ್ತಲಾಗುವ ಮುಂಚೆ ಇಳಿದಿರಬೇಕು, ಆರು ಗಂಟೆಗೆ ಅಲಾರಂ ಇಡಿ.

ಬಾಡಿಗೆ ಗಾಡಿಯ ವಿಷಯ ಹೇಳಲೇಬೇಕು. ಎರಡು ದಿನದ ಓಡಾಟ ಕೂಡಿಸಿದರೂ 150 ಕಿ.ಮೀ. ಸುತ್ತಮುತ್ತ. ಆದರೂ ಒಬ್ಬರು ದಿನಕ್ಕೆ 300 ಕಿ.ಮೀ. ಮಿನಿಮಮ್ ಅಂದರು, ಇನ್ನೊಬ್ಬರು ಎಸಿ ಅಂತ ಒಪ್ಪಿ, ಗಾಡಿ ನಿಂತಾಗ ಹಾಕುವುದಿಲ್ಲ ಅಂದರು. '8 ಗಂಟೆ, 80 ಕಿ.ಮೀ.' ಲೆಕ್ಕ ಕೇಳಿ, ಅಂದರೆ ಅಷ್ಟರವರೆಗೆ ಒಂದೇ ಬಾಡಿಗೆ. ಮಧ್ಯಾಹ್ನದ ಬಿಡುವಿನ ತಾಸುಗಳನ್ನು ಎಣಿಸುತ್ತಾರೋ ಇಲ್ಲವೋ ಮೊದಲೇ ಬಾಯಿಬಿಟ್ಟು ಇತ್ಯರ್ಥ ಮಾಡಿಕೊಳ್ಳಿ, ಜಗಳ ಹುಟ್ಟುವುದೇ ಅಲ್ಲಿ.

ಹಿರೇಬೆಣಕಲ್ಲಿನ ಮೋರ್ಯರ ಮನೆಗಳನ್ನು (ಕಲ್ಲುಚಪ್ಪಡಿಯ ಪ್ರಾಚೀನ ಸಮಾಧಿಗಳು) ಈ ಸಲ ಬಿಟ್ಟಿದೆ, ಗುಡ್ಡ ಹತ್ತಿ ನಡೆಯಬೇಕು, ಆರು ವರ್ಷಕ್ಕೆ ಹೆಚ್ಚಾಯಿತು. ಅದಕ್ಕಿಂತ ಮನಸ್ಸು ಈಗಾಗಲೇ ರಾಯಚೂರಿನತ್ತ ಓಡುತ್ತಿದೆ. ಅಲ್ಲಿನ ಕೋಟೆಗೋಡೆಯಲ್ಲಿ 1294ರ ಶಾಸನವಿರುವ ಒಂದೇ ಕಲ್ಲು 41 ಅಡಿ ಉದ್ದ, ಅದನ್ನು ಬಂಡಿಯಲ್ಲಿ ಎಳೆದು ತಂದ ಚಿತ್ರವೂ ಅಲ್ಲೇ ಕೊರೆದಿದೆ. ಚಪ್ಪಲಿ ಬಿಡುವ ತೊಂದರೆ ಇಲ್ಲ. ಗೋಡೆಯ ಬುಡದಲ್ಲಿ ಮಕ್ಕಳೇ ಅಳೆದು ನೋಡಲೆಂದು 50 ಅಡಿ ನೂಲಿನ ಹಗ್ಗ, ಅಡಿಗೊಂದು ಗಂಟು ಹಾಕಿ, ಸುತ್ತಿಟ್ಟಾಗಿದೆ.